ಕೊಬ್ಬರಿ ತಕ್ಕಡಿಯಲ್ಲಿ ಕ್ಯಾಮೆರಾ ಬ್ಯಾಟರಿ

ನನ್ನ ಕ್ಯಾಮೆರಾದ ಬ್ಯಾಟರಿ ಕೊನೆಯುಸಿರೆಳೆದದ್ದು ಹಳೇಬೀಡಿನ ದೇವಸ್ಥಾನದಲ್ಲಿ, ಮುನ್ನೂರ ಹನ್ನೆರಡನೆಯ ಆನೆಯ ಎದುರು. ಮನೆಯಿಂದ ಹೊರಡುವಾಗ ಪೂರ್ತಿ ಚಾರ್ಜ್ ಮಾಡಿಕೊಂಡಿದ್ದೆ. ಹದಿನೆಂಟು ಫೋಟೋ ತೆಗೆಯುವಷ್ಟರಲ್ಲಿ ಪರದೆ ಕಪ್ಪಾಯಿತು. ಬ್ಯಾಟರಿಯನ್ನು ಹೊರಗೆ ತೆಗೆಯಲು ಹೋದರೆ ಬರಲೊಲ್ಲದು. ಹೊಟ್ಟೆ ಉಬ್ಬಿಸಿಕೊಂಡು ಒಳಗೇ ಕಚ್ಚಿಕೊಂಡು ಕೂತಿತ್ತು. ಕೊನೆಗೆ ತಲೆಯ ಪಿನ್ನು ತೆಗೆದು ಮೀಟಿ ಮೀಟಿ ಎಬ್ಬಿಸಿದೆ.

ಆನೆಗಳನ್ನು ನಾನೇಕೆ ಎಣಿಸುತ್ತಿದ್ದೆ ಎಂಬುದನ್ನು ಮೊದಲು ಹೇಳಬೇಕು. ಅರಸೀಕೆರೆಯ ಹೈಸ್ಕೂಲೊಂದರಲ್ಲಿ ನಾನು ಚಿತ್ರಕಲೆಯ ಮೇಡಂ ಆಗಿದ್ದೆ. ಪ್ರತಿವರ್ಷ ಮಕ್ಕಳನ್ನು ಹಳೇಬೀಡಿಗೆ ಕರೆದುಕೊಂಡು ಹೋಗಿ, ಗೋಡೆಯ ತಳದ ಸಾಲಿನಲ್ಲಿರುವ ಆನೆಗಳನ್ನು ತೋರಿಸಿ, "ನೋಡಿ ಮಕ್ಕಳೇ, ಸಾವಿರಕ್ಕೂ ಹೆಚ್ಚು ಆನೆಗಳಿವೆ, ಒಂದರಂತೆ ಇನ್ನೊಂದಿಲ್ಲ" ಎಂದು ಹೇಳುತ್ತಿದ್ದೆ. ಗೈಡುಗಳು ಹೇಳುತ್ತಿದ್ದರು, ನಾನೂ ಹೇಳುತ್ತಿದ್ದೆ. ನಿವೃತ್ತಿಯಾದ ಮೇಲೆ ಒಂದು ದಿನ ಅಡುಗೆಮನೆಯಲ್ಲಿ ಹುರುಳಿಕಾಯಿ ಬಿಡಿಸುತ್ತಿದ್ದಾಗ ಹೊಳೆಯಿತು: ಇಷ್ಟು ವರ್ಷ ಇಷ್ಟೊಂದು ಮಕ್ಕಳಿಗೆ ಹೇಳಿದ ಈ ಮಾತನ್ನು ನಾನು ಒಂದು ದಿನವೂ ಪರೀಕ್ಷಿಸಿ ನೋಡಿಲ್ಲವಲ್ಲ! ಅಂದಿನಿಂದ ಎರಡು ವಾರಕ್ಕೊಮ್ಮೆ ಭಾನುವಾರ ಜಾವಗಲ್ ಮೇಲಿನ ಬಸ್ಸು ಹತ್ತಿ ಹಳೇಬೀಡಿಗೆ ಹೋಗುವುದು, ಒಂದೊಂದೇ ಆನೆಯ ಫೋಟೋ ತೆಗೆದು ನೋಟ್‌ಬುಕ್ಕಿನಲ್ಲಿ ನಂಬರು ಹಾಕಿಕೊಳ್ಳುವುದು ನನ್ನ ಕೆಲಸವಾಯಿತು.

ನಮ್ಮ ಯಜಮಾನರಿಗೆ ಕೊಬ್ಬರಿ ಮಂಡಿ. ಅವರಿಗೆ ಈ ಕೆಲಸ ಮೊದಲಿನಿಂದಲೂ ತಮಾಷೆ. "ಎಲ್ಲಾ ಆನೆಗೂ ಮುಂದೆ ಸೊಂಡಿಲು, ಹಿಂದೆ ಬಾಲ. ಇನ್ನೇನು ನೋಡ್ತೀಯೇ?" ಎನ್ನುವರು.

"ನಿಮ್ಮ ಕೊಬ್ಬರಿನೂ ಎಲ್ಲಾ ದುಂಡಗೇ ಇದೆ. ನೀವ್ಯಾಕೆ ದಿನಾ ಬೆಳಗೆದ್ದು ಒಂದೊಂದನ್ನೂ ತಿರುವಿ ತಿರುವಿ ನೋಡ್ತೀರಿ?" ಎಂದರೆ, ಅದು ಬೇರೆ ವಿಷಯವೆಂದು ಹೇಳಿ ಎದ್ದು ಹೋಗುವರು.

ಮೊಬೈಲಿನಲ್ಲೇ ತೆಗೆಯಬಾರದೇ ಎಂದು ಎಲ್ಲರೂ ಕೇಳುತ್ತಾರೆ. ತೆಗೆದು ನೋಡಿದ್ದೇನೆ. ಆನೆಯ ಸೊಂಡಿಲಿಗೆ ಸರಿಯಾಗಿ ಗುರಿಯಿಟ್ಟು ಉಸಿರು ಬಿಗಿಹಿಡಿದ ಹೊತ್ತಿಗೇ, ನಿಂಬೆಕಾಯಿ ಉಪ್ಪಿನಕಾಯಿ ಜಾಡಿ ಎಲ್ಲಿದೆ ಎಂದು ಇದೇ ಯಜಮಾನರ ಫೋನು ಬರುತ್ತದೆ. ಕ್ಯಾಮೆರಾಕ್ಕೆ ಆ ತೊಂದರೆ ಇಲ್ಲ. ಮಕ್ಕಳು ಬರೆದ ಚಿತ್ರಗಳ ಫೋಟೋ ತೆಗೆಯಲೆಂದು ಹತ್ತು ವರ್ಷದ ಹಿಂದೆ ಕೊಂಡ ಕ್ಯಾಮೆರಾ ಅದು. ಬಟನ್ನುಗಳ ಮೇಲಿನ ಗುರುತುಗಳೆಲ್ಲ ಅಳಿಸಿಹೋಗಿವೆ, ಆದರೆ ನನ್ನ ಬೆರಳಿಗೆ ಎಲ್ಲವೂ ಗೊತ್ತು.

ಊರಿನ ಮೊಬೈಲ್ ಅಂಗಡಿಯವರಿಗೆ ಉಬ್ಬಿದ ಬ್ಯಾಟರಿ ತೋರಿಸಿದೆ. ಅವರು ದೂರದಿಂದಲೇ ನೋಡಿ, "ಮೇಡಂ, ಇದನ್ನ ಕಂಪನಿಯೋರೇ ನಿಲ್ಸಿ ಎಷ್ಟೋ ವರ್ಷ ಆಯ್ತು. ಬೇರೆಯೋರು ಮಾಡಿರೋದು ಆನ್‌ಲೈನಲ್ಲಿ ಸಿಗುತ್ತೆ. ನೋಡ್ಕೊಂಡು ತಗೊಳಿ" ಎಂದರು. ಏನನ್ನು ನೋಡಿಕೊಳ್ಳಬೇಕು ಎಂದು ಕೇಳಿದರೆ ಅವರೂ ಅಷ್ಟು ದೂರ ಯೋಚಿಸಿರಲಿಲ್ಲ.

ಅಂದು ಸಂಜೆ ನಡುಮನೆಯಲ್ಲಿ ಕೂತು ಫೋನಿನಲ್ಲಿ ಹುಡುಕಿದೆ. ಒಂದು ಬ್ಯಾಟರಿ ಕೇಳಿದರೆ ಮೂವತ್ತು ಬಂದವು. ಕಪ್ಪು, ಬೂದು, ನೀಲಿ. ಎಲ್ಲದರ ಮೇಲೂ ನನ್ನ ಕ್ಯಾಮೆರಾಕ್ಕೆ ಹೊಂದುತ್ತದೆ ಎಂಬ ಮಾತು. ಒಂದಕ್ಕೆ ಮಾತ್ರ ನಡುವೆ ಚಿನ್ನದ ಬಣ್ಣದ ಪಟ್ಟಿ, ಅದರ ಮೇಲೆ ದೊಡ್ಡದಾಗಿ ಎರಡು ಸಾವಿರದ ಇನ್ನೂರು ಎಂಬ ಅಂಕಿ. ಎಷ್ಟು ಕರೆಂಟು ಹಿಡಿದಿಟ್ಟುಕೊಳ್ಳುತ್ತದೆ ಎಂಬುದರ ಅಳತೆಯಂತೆ ಅದು. ನನ್ನ ಕಣ್ಣು ಅಲ್ಲೇ ನಿಂತಿತು. ಯಜಮಾನರು ಪಕ್ಕದಲ್ಲಿ ಪೇಪರು ಓದುತ್ತಿದ್ದವರು ಕನ್ನಡಕದ ಮೇಲಿನಿಂದ ನೋಡಿದರು.

"ಹಳೇದರ ಮೇಲೆ ಎಷ್ಟಿತ್ತು?"

"ಸಾವಿರ."

"ಇದರ ಸೈಜು?"

"ಅದೇ ಸೈಜು ರೀ. ಇಲ್ದಿದ್ರೆ ಒಳಗೆ ಹೋಗುತ್ತಾ?"

"ಅಂದ್ರೆ ಕಾಯಿ ಅಷ್ಟೇ ದಪ್ಪ, ಒಳಗೆ ಕೊಬ್ಬರಿ ಮಾತ್ರ ಎರಡರಷ್ಟು. ಅಂಥಾ ಕಾಯಿ ಯಾವ ತೋಟದಲ್ಲಿ ಬಿಡುತ್ತೆ ಹೇಳು, ನಾಳೇನೇ ಲಾರಿ ಕಳಿಸ್ತೀನಿ."

ನನಗೆ ಸಿಟ್ಟು ಬಂತು. ವಿಜ್ಞಾನ ಮುಂದುವರಿದಿದೆ, ತೆಂಗಿನಕಾಯಿ ಮಾತ್ರ ಇದ್ದಲ್ಲೇ ಇದೆ ಎಂದೆ. ಬೇಕಾದರೆ ನೋಡಿ, ಕೊಂಡವರ ಅಭಿಪ್ರಾಯ ಓದುತ್ತೇನೆ ಎಂದು ಶುರುಮಾಡಿದೆ. ಮೊದಲನೆಯವರು ಐದು ನಕ್ಷತ್ರ ಕೊಟ್ಟು, ಪ್ಯಾಕಿಂಗ್ ಬಹಳ ಚೆನ್ನಾಗಿದೆ ಎಂದು ಬರೆದಿದ್ದರು. ಎರಡನೆಯವರು, ಹೇಳಿದ ದಿನಕ್ಕಿಂತ ಮುಂಚೆಯೇ ಬಂತು ಎಂದಿದ್ದರು. ಮೂರನೆಯವರು, ಇನ್ನೂ ಉಪಯೋಗಿಸಿಲ್ಲ, ನೋಡಲು ಚೆನ್ನಾಗಿದೆ ಎಂದಿದ್ದರು.

"ಸರಿ ಹಾಗಾದ್ರೆ. ಪ್ಯಾಕಿಂಗನ್ನೇ ಕ್ಯಾಮ್ರಾ ಒಳಗೆ ಹಾಕ್ಕೊಂಡು ಆನೆ ಫೋಟೋ ತೆಗಿ" ಎಂದರು.

ಮಾತಿಗೆ ಮಾತು ಬೆಳೆದು, ನಾನು ನನ್ನ ಚಿನ್ನದ ಪಟ್ಟಿಯದನ್ನು ತರಿಸುವುದು, ಅವರು ತಮಗೆ ಸರಿ ಕಂಡದ್ದನ್ನು ತರಿಸುವುದು, ಯಾವುದು ಗೆಲ್ಲುತ್ತದೆ ನೋಡೋಣ ಎಂದಾಯಿತು. ಅವರು ನನ್ನ ಫೋನು ತೆಗೆದುಕೊಂಡು, ಕನ್ನಡಕವನ್ನು ಹಣೆಯ ವಿಭೂತಿಯ ಮೇಲಕ್ಕೆ ಏರಿಸಿ, ಅಂಕಿ ಸಾವಿರದ ಆಸುಪಾಸಿನಲ್ಲೇ ಇದ್ದ ಒಂದು ಬೂದು ಬಣ್ಣದ್ದನ್ನು ಆರಿಸಿದರು. "ಬಾಯಿ ಬಡ್ಕೊಳಲ್ಲ ನೋಡು ಇದು. ಮರ್ಯಾದಸ್ಥ" ಎಂದರು.

ಎರಡೂ ಒಂದೇ ದಿನ ಬಂದವು. ನಾನು ಇನ್ನೂ ಪೊಟ್ಟಣ ಬಿಚ್ಚುತ್ತಿರುವಾಗಲೇ ಯಜಮಾನರು ಎರಡನ್ನೂ ಎತ್ತಿಕೊಂಡು ಮಂಡಿಗೆ ಹೊರಟರು. ಹಿಂದೆಯೇ ನಾನೂ ಹೋದೆ. ಕೊಬ್ಬರಿಯ ಸ್ಯಾಂಪಲ್ ತೂಗುವ ಸಣ್ಣ ತಕ್ಕಡಿಯ ತಟ್ಟೆ ಒರೆಸಿ, ಮೊದಲು ನನ್ನದನ್ನು ಇಟ್ಟರು. ಆಮೇಲೆ ಅವರದನ್ನು. ಎರಡು ಸಾವಿರದ ಇನ್ನೂರು ಎಂದು ಬರೆದುಕೊಂಡಿದ್ದ ನನ್ನ ಬ್ಯಾಟರಿ ಅವರದಕ್ಕಿಂತ ಹಗುರವಾಗಿತ್ತು. ಅಷ್ಟಕ್ಕೇ ಬಿಡಲಿಲ್ಲ. ಮೂಗಿನ ಹತ್ತಿರ ಹಿಡಿದು ಮೂಸಿದರು. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಅವರದು ಮೌನವಾಗಿತ್ತು. ನನ್ನದು ಒಳಗೆ ಸಣ್ಣಗೆ ಗಿಟಿಗಿಟಿ ಎಂದಿತು.

ಅಟ್ಟದ ಮೇಲೆ ಒಣಗಲು ಹಾಕಿದ ಕಾಯಿ ಅಲ್ಲಾಡಿಸಿದಾಗ ಗಿಟಿಗಿಟಿ ಎಂದರೆ ಒಳಗೆ ಕೊಬ್ಬರಿಯಾಗಿದೆ ಎಂದು ಅರ್ಥ. ಅದು ಒಳ್ಳೆಯ ಲಕ್ಷಣ. ಬ್ಯಾಟರಿ ಗಿಟಿಗಿಟಿ ಎಂದರೆ ಏನರ್ಥವೆಂದು ನಮ್ಮಿಬ್ಬರಿಗೂ ಗೊತ್ತಿರಲಿಲ್ಲ. "ನಿಮ್ಮ ಲೆಕ್ಕದಲ್ಲೇ ನನ್ನದು ಚೆನ್ನಾಗಿ ಬಲಿತಿದೆ" ಎಂದು ಹೇಳಿ ಕಿತ್ತುಕೊಂಡು ಬಂದೆ. ಬಂದೆನಾದರೂ ಮನಸ್ಸಿನಲ್ಲಿ ಅಳುಕಿತ್ತು.

ಆ ಭಾನುವಾರ ಯಜಮಾನರು ಇಸ್ತ್ರಿ ಮಾಡಿದ ಬಿಳಿ ಪಂಚೆಯುಟ್ಟು ನನಗಿಂತ ಮೊದಲೇ ಜಗುಲಿಯ ಮೇಲೆ ನಿಂತಿದ್ದರು. ಮದುವೆಯಾಗಿ ಇಷ್ಟು ವರ್ಷದಲ್ಲಿ ಅವರಾಗಿಯೇ ನನ್ನ ಜೊತೆ ದೇವಸ್ಥಾನ ನೋಡಲು ಹೊರಟದ್ದು ಅದೇ ಮೊದಲು. ಬಂದದ್ದು ಶಿಲ್ಪ ನೋಡಲಿಕ್ಕಲ್ಲ, ನನ್ನ ಸೋಲು ನೋಡಲಿಕ್ಕೆ ಎಂಬುದು ನನಗೆ ಗೊತ್ತಿತ್ತು.

ಹಳೇಬೀಡಿನಲ್ಲಿ ಇಳಿದಾಗ ಬಿಸಿಲೇರಿತ್ತು. ಚಪ್ಪಲಿ ಹೊರಗೆ ಬಿಟ್ಟು ದೇವಸ್ಥಾನದ ಸುತ್ತಲಿನ ಕಟ್ಟೆಯಾದ ಜಗತಿಯ ಕಾದ ಕಲ್ಲಿನ ಮೇಲೆ ಕಾಲಿಟ್ಟ ಯಜಮಾನರು ಹಾಗೇ ಕುಣಿಯತೊಡಗಿದರು. ನಾನು ಕಾಲುಚೀಲ ತಂದಿದ್ದೆ, ಅವರಿಗೆ ಹೇಳಿರಲಿಲ್ಲ. "ನೀನು ಇದನ್ನ ಹದಿನೈದು ದಿನಕ್ಕೊಂದ್ಸಲ ಮಾಡ್ತೀಯಾ?" ಎಂದು ಒಂಟಿ ಕಾಲಿನಲ್ಲಿ ನಿಂತು ಕೇಳಿದರು. ಆ ದನಿಯಲ್ಲಿ ಸ್ವಲ್ಪ ಗೌರವವೂ ಇತ್ತೆಂದು ನನಗನ್ನಿಸಿತು.

ನನ್ನ ಬ್ಯಾಟರಿ ಹಾಕಿ ಮುನ್ನೂರ ಹನ್ನೆರಡರಿಂದ ಶುರುಮಾಡಿದೆ. ಪರದೆಯ ಮೂಲೆಯಲ್ಲಿ ಚಾರ್ಜಿನ ಮೂರು ಗೆರೆಯೂ ತುಂಬಿತ್ತು. ಇಪ್ಪತ್ತು ಆನೆ ಆಯಿತು, ಮೂರು ಗೆರೆ. ಮೂವತ್ತಾಯಿತು, ಮೂರೇ ಗೆರೆ. "ನೋಡಿದ್ರಾ?" ಎಂದು ಎರಡು ಸಲ ಹೇಳಿದೆ. ಮೂರನೆಯ ಸಲ ಹೇಳಲು ಬಾಯಿ ತೆರೆದಾಗ ಕ್ಯಾಮೆರಾ ಕುಂಯ್ ಎಂದು ಸದ್ದು ಮಾಡಿ, ಲೆನ್ಸನ್ನು ಅರ್ಧ ಹೊರಗೆ ಬಿಟ್ಟುಕೊಂಡೇ ಆರಿಹೋಯಿತು. ಮೂರು ಗೆರೆಯಿಂದ ಎರಡಕ್ಕೂ ಇಳಿಯಲಿಲ್ಲ, ಒಂದಕ್ಕೂ ಇಳಿಯಲಿಲ್ಲ. ಒಮ್ಮೆಲೇ ಸೊನ್ನೆ.

ಯಜಮಾನರು ತಲೆಯೆತ್ತಿ ಗೋಡೆಯ ಮೇಲಿನ ದೇವರುಗಳನ್ನು ಬಹಳ ಭಕ್ತಿಯಿಂದ ನೋಡತೊಡಗಿದರು. ಹಂಗಿಸಿದ್ದರೇ ವಾಸಿಯಿತ್ತು. ಆಮೇಲೆ ನಿಧಾನವಾಗಿ ಅಂಗಿಯ ಜೇಬಿನಿಂದ ಪ್ಲಾಸ್ಟಿಕ್ ಕವರು ತೆಗೆದು, ಅದರೊಳಗಿದ್ದ ತಮ್ಮ ಮರ್ಯಾದಸ್ಥನನ್ನು ನನ್ನ ಅಂಗೈಗಿಟ್ಟರು.

ಅದು ಸಲೀಸಾಗಿ ಒಳಗೆ ಹೋಯಿತು. ಮುಚ್ಚಳ ಹಾಕಿ ಬಟನ್ ಒತ್ತಿದೆ. ಪರದೆಯ ಮೇಲೆ ಇಂಗ್ಲಿಷಿನಲ್ಲಿ ಒಂದು ಸಾಲು ಮೂಡಿ ಕ್ಯಾಮೆರಾ ತಾನಾಗಿಯೇ ಆರಿತು. ಮತ್ತೆ ಒತ್ತಿದೆ. ಮತ್ತೆ ಅದೇ ಸಾಲು.

"ಏನಂತೆ?"

"ಈ ಬ್ಯಾಟರಿ ಯಾರು ಅಂತ ನನಗೆ ಗೊತ್ತಿಲ್ಲ, ಸೇರಿಸಲ್ಲ ಅಂತಿದೆ."

"ಗೊತ್ತಿಲ್ಲ ಅಂದ್ರೆ? ನೀನೇ ಪರಿಚಯ ಮಾಡಿಸು."

ಅವರು ಬ್ಯಾಟರಿ ಹೊರತೆಗೆದು ಪಂಚೆಯ ಅಂಚಿನಿಂದ ಒರೆಸಿದರು. ಬಾಯಿಂದ ಊದಿದರು. ಹಾಕಿದರು, ತೆಗೆದರು. ಪಕ್ಕದಲ್ಲಿ ನಿಂತಿದ್ದ ಕಾವಲಿನವರು ಕೂಡ ಬಗ್ಗಿ ನೋಡಿ ತಲೆಯಾಡಿಸಿದರು. ಆಗ ನನಗೆ ನಗು ಬಂದದ್ದು ತಡೆಯಲಾಗಲಿಲ್ಲ. ಜಗತಿಯ ಅಂಚಿನಲ್ಲಿ ಕೂತು ನಕ್ಕೆ. ಸ್ವಲ್ಪ ಹೊತ್ತು ಮುಖ ಊದಿಸಿಕೊಂಡಿದ್ದ ಯಜಮಾನರು ಆಮೇಲೆ ತಾವೂ ಪಕ್ಕದಲ್ಲಿ ಕೂತು, ಸುಟ್ಟ ಅಂಗಾಲು ತಿಕ್ಕಿಕೊಳ್ಳುತ್ತಾ ನಕ್ಕರು.

ಹೊರಗೆ ಎಳನೀರು ಮಾರುವವರ ಹತ್ತಿರ ಕತೆ ಹೇಳಿಕೊಂಡಾಗ ಅವರು, "ಬೇಲೂರ್ಗೋಗಿ ಸಾರ್. ದೇವಸ್ಥಾನದ ಮುಂದೆ ಒಬ್ಬ ಅಕ್ಕ ಫೋಟೋ ತೆಗೀತಾಳೆ. ಕ್ಯಾಮ್ರಾ ವಿಷ್ಯ ಏನೇ ಇದ್ರೂ ಆಯಮ್ಮನ್ನೇ ಕೇಳ್ಬೇಕು" ಎಂದರು. ಬೇಲೂರಿನ ಬಸ್ಸು ಎದುರಿಗೇ ನಿಂತಿತ್ತು. ಯಜಮಾನರೇ ಮೊದಲು ಹತ್ತಿದರು. ಮರ್ಯಾದಸ್ಥನ ಮೇಲೆ ಅವರಿಗೆ ಇನ್ನೂ ನಂಬಿಕೆ ಹೋಗಿರಲಿಲ್ಲ.

ಗೋಪುರದ ಬಾಗಿಲ ಹತ್ತಿರವೇ ಆ ಹೆಂಗಸು ಸಿಕ್ಕರು. ನಲವತ್ತರ ಆಸುಪಾಸು. ಸೀರೆಯ ಮೇಲೆ ಹತ್ತು ಜೇಬಿನ ಖಾಕಿ ಕೋಟು, ಕೊರಳಲ್ಲಿ ಕ್ಯಾಮೆರಾ, ಜೊತೆಗೆ ಮಾದರಿ ಫೋಟೋಗಳನ್ನು ಸಿಕ್ಕಿಸಿದ ಹಲಗೆ, ಹೆಗಲ ಚೀಲದಲ್ಲಿ ಪುಟ್ಟ ಪ್ರಿಂಟರು. ಅಪ್ಪನ ಕಾಲದಿಂದಲೂ ಇದೇ ಕೆಲಸವಂತೆ. ದಿನಾ ಬೆಳಿಗ್ಗೆ ತಮ್ಮೂರು ಹಗರೆಯಲ್ಲಿ ಎರಡು ಹಸು ಕರೆದು, ಡೈರಿಗೆ ಹಾಲು ಹಾಕಿ, ಬಸ್ಸು ಹಿಡಿದು ಬರುತ್ತಾರೆ. ನನ್ನ ಕ್ಯಾಮೆರಾ ನೋಡುತ್ತಲೇ, "ಅಯ್ಯೋ, ನಂದೂ ಇದೇ ಕ್ಯಾಮ್ರಾ ಕಣ್ರೀ!" ಎಂದು ಕೋಟಿನ ಜೇಬಿಗೆ ಕೈಹಾಕಿ ನಾಲ್ಕು ಬ್ಯಾಟರಿ ಹೊರತೆಗೆದರು. ಒಂದೊಂದರ ಮೇಲೂ ಉಗುರುಬಣ್ಣದಲ್ಲಿ ನಂಬರು ಬರೆದಿತ್ತು.

ಮೊದಲು ನನ್ನ ಚಿನ್ನದ ಪಟ್ಟಿಯದನ್ನು ಕಿವಿಯ ಹತ್ತಿರ ಅಲ್ಲಾಡಿಸಿದರು. ಯಜಮಾನರು ನನ್ನ ಕಡೆ ನೋಡಿದರು.

"ಒಳಗಿರೋದು ಚಿಕ್ಕದು, ಹೊರಗಿನ ಡಬ್ಬಿ ದೊಡ್ಡದು ಮೇಡಂ. ಅದಕ್ಕೇ ಆಡ್ತೈತೆ. ಬರ್ಯೋದಕ್ಕೇನು, ಹತ್ತು ಸಾವ್ರ ಅಂತಾನೂ ಬರೀಬೋದು. ಈ ಡಬ್ಬಿಗೆ ಸಾವ್ರ, ಸಾವ್ರದಿನ್ನೂರು, ಅಷ್ಟೇಯ. ಅದಕ್ಕಿಂತ ಜಾಸ್ತಿ ಅಂದ್ರೆ ಸುಳ್ಳು."

"ನಾನೂ ಅದನ್ನೇ ಹೇಳಿದ್ದು ಕಣಮ್ಮ!" ಎಂದು ಯಜಮಾನರು ಉತ್ಸಾಹದಿಂದ ಮುಂದೆ ಬಂದರು. "ತಕ್ಕಡಿಗೆ ಹಾಕಿ ನೋಡಿದೆ. ಹಗುರ ಇತ್ತು."

"ತೂಕಾನೂ ನಂಬ್ಬೇಡಿ ಸಾರ್. ಒಂದ್ಸಲ ನನ್ನದೊಂದು ಒಡೆದೋಯ್ತು. ನೋಡಿದ್ರೆ ಒಳಗೆ ಕಬ್ಬಿಣದ ತಗಡು. ತೂಕಕ್ಕೆ ಅಂತ ಇಟ್ಟವ್ರೆ."

ಯಜಮಾನರಿಗೆ ನಿಜಕ್ಕೂ ಆಘಾತವಾಯಿತು. "ಎಂಥಾ ಜನ ಇದಾರಪ್ಪಾ!" ಎಂದರು. ತೇವ ಆರದ ಕೊಬ್ಬರಿಯನ್ನು ತೂಕಕ್ಕೆಂದು ಚೀಲದ ತಳದಲ್ಲಿ ಸೇರಿಸಿ ತರುವವರ ಕತೆಗಳನ್ನು ಊಟದ ಹೊತ್ತಿನಲ್ಲಿ ನನಗೆ ದಿನವೂ ಹೇಳುವವರು ಇವರೇ. ಅದನ್ನು ನೆನಪಿಸಿದೆ. ಕೇಳಿಸದವರಂತೆ ಗೋಪುರ ನೋಡಿದರು.

ಆಮೇಲೆ ಅವರ ಬೂದು ಬ್ಯಾಟರಿಯ ಸರದಿ. ಆ ಹೆಂಗಸು ಅದನ್ನು ತಿರುಗಿಸಿ, ಕಣ್ಣ ಹತ್ತಿರ ತಂದು, ನನ್ನ ಕ್ಯಾಮೆರಾದ ಬ್ಯಾಟರಿ ಗೂಡಿನೊಳಗೆ ಬರೆದಿದ್ದನ್ನೂ ಓದಿ ನಕ್ಕರು. "ಬ್ಯಾಟ್ರಿ ಚೆನ್ನಾಗೈತೆ ಸಾರ್, ಒಳ್ಳೇದೇ. ಆದ್ರೆ ನಿಮ್ಮ ಕ್ಯಾಮ್ರಾದಲ್ಲ. ಇಲ್ನೋಡಿ, ಕೊನೇಲಿ ಒಂದಕ್ಷರ ಬೇರೆ ಐತೆ. ಡಬ್ಬಿ ಒಂದೇ ಥರ, ಒಳಗಿನ ಕಂಪ್ಯೂಟರ್ ಚಿಪ್ಪು ಬೇರೆ. ಕ್ಯಾಮ್ರಾ ಆ ಚಿಪ್ಪನ್ನ ಮಾತಾಡಿಸ್ತದೆ. ಸರಿಯಾಗಿ ಉತ್ರ ಕೊಡ್ಲಿಲ್ಲ ಅಂದ್ರೆ ಬಾಗ್ಲಾಕ್ತದೆ."

ಕತ್ತಲೆಯಲ್ಲಿ ಕೈಯಿಟ್ಟರೂ ಇದು ತಿಪಟೂರಿನ ಕಡೆಯ ಕಾಯಿ, ಇದು ಬಾಣಾವರದ ಕಡೆಯದು ಎಂದು ಹೇಳುವ ಮನುಷ್ಯ, ಒಂದು ಅಕ್ಷರ ನೋಡದೆ ಸೋತಿದ್ದರು. ನಾನು ಚಿನ್ನದ ಪಟ್ಟಿಗೆ ಮರುಳಾಗಿ ಸೋತಿದ್ದೆ. ಅಲ್ಲಿಗೆ ಇಬ್ಬರೂ ಸಮ.

ಆಯಮ್ಮ ನಮ್ಮನ್ನು ಮೆಟ್ಟಿಲ ಮೇಲೆ ಕೂರಿಸಿ ಪಾಠ ಹೇಳಿದರು. ಮೊದಲು ಕ್ಯಾಮೆರಾದ ಮೇಲಿರುವ ಬ್ಯಾಟರಿ ಹೆಸರನ್ನು ಕೊನೆಯ ಅಕ್ಷರದವರೆಗೂ ಹಾಳೆಯಲ್ಲಿ ಬರೆದುಕೊಳ್ಳಬೇಕು. ವೋಲ್ಟು ಹಳೆಯದರಷ್ಟೇ ಇರಬೇಕು. ಹೊಗಳಿದವರದ್ದಲ್ಲ, ಬೈದವರ ಅಭಿಪ್ರಾಯ ಓದಬೇಕು, ಅದರಲ್ಲೂ ಆರು ತಿಂಗಳು ಉಪಯೋಗಿಸಿ ಬೈದವರದ್ದು. ಮೂರು ಗೆರೆಯನ್ನು ನಂಬಿ ದೂರ ಹೋಗಬಾರದು. ಬೇರೆ ಕಂಪನಿಯವರು ಮಾಡಿದ ಬ್ಯಾಟರಿ ಆ ಲೆಕ್ಕವನ್ನು ಸರಿಯಾಗಿ ಹೇಳುವುದಿಲ್ಲ. ಉಬ್ಬಿದ್ದನ್ನು ಮನೆಯಲ್ಲಿಟ್ಟುಕೊಳ್ಳಬಾರದು, ಕಸದ ಬುಟ್ಟಿಗೂ ಎಸೆಯಬಾರದು, ಹಾಳಾದ ಎಲೆಕ್ಟ್ರಾನಿಕ್ ಸಾಮಾನು ತೆಗೆದುಕೊಳ್ಳುವವರಿಗೆ ಕೊಡಬೇಕು. ನಾನು ತಲೆಪಿನ್ನಿನಿಂದ ಮೀಟಿದ್ದನ್ನು ಹೇಳಿದಾಗ ಎದೆಯ ಮೇಲೆ ಕೈಯಿಟ್ಟುಕೊಂಡರು. "ಪಿನ್ನಾ! ಹೊತ್ಕೊಂಡು ಉರೀತಿತ್ತು ಮೇಡಂ. ದೇವ್ರು ದೊಡ್ಡೋನು."

ಇಷ್ಟೆಲ್ಲವನ್ನೂ ನಾನು ಆನೆಗಳ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಬರೆದುಕೊಂಡೆ. ಮೂವತ್ತು ವರ್ಷ ಪಾಠ ಹೇಳಿದವಳಿಗೆ ಮೆಟ್ಟಿಲ ಮೇಲೆ ಕೂತು ಪಾಠ ಕೇಳುವುದು ಹಿತವಾಗಿತ್ತು. ಹೊರಡುವಾಗ ಅವರು ತಮ್ಮ ಮೂರನೇ ನಂಬರಿನ ಬ್ಯಾಟರಿಯನ್ನು ನನ್ನ ಕೈಗಿಟ್ಟರು. "ತಗೊಂಡೋಗಿ ಮೇಡಂ, ಮುಂದಿನ ಭಾನ್ವಾರ ಕೊಡೀರಂತೆ."

ಪರಿಚಯವಿಲ್ಲದವರನ್ನು ಹೀಗೆ ನಂಬುತ್ತೀರಲ್ಲ ಎಂದೆ. ಆನೆ ಎಣಿಸುವವರು ಬ್ಯಾಟರಿ ಕದಿಯುವುದಿಲ್ಲ ಎಂದರು.

ಆ ಬ್ಯಾಟರಿ ಹಾಕಿದೊಡನೆ ಕ್ಯಾಮೆರಾ ಜೀವ ಬಂದಂತೆ ಲೆನ್ಸು ಆಡಿಸಿತು. ಮೊದಲ ಫೋಟೋ ನಿಮ್ಮದೇ ತೆಗೆಯುತ್ತೇನೆ, ಗೋಪುರದ ಮುಂದೆ ನಿಲ್ಲಿ ಎಂದೆ. ಆ ಹೆಂಗಸು ಒಮ್ಮೆಲೇ ಪೆಚ್ಚಾದರು. "ನಂದಾ? ಬ್ಯಾಡ ಬಿಡಿ." ಕೇಳಿದರೆ, ಆ ಗೋಪುರದ ಮುಂದೆ ಅವರದೊಂದು ಫೋಟೋ ಇದುವರೆಗೂ ಇಲ್ಲವಂತೆ. ದಿನಾ ನೂರು ಜನಕ್ಕೆ ಗದ್ದ ಇಳಿಸಿ, ಭುಜ ಸಡಿಲ ಬಿಡಿ, ನಗಿ ಎಂದು ಹೇಳುವವರು, ತಾವು ನಿಂತಾಗ ಗದ್ದ ಮೇಲೆ, ಭುಜ ಕಿವಿಯ ಹತ್ತಿರ. ಕೈ ಎಲ್ಲಿಡಬೇಕೆಂದೇ ಗೊತ್ತಾಗಲಿಲ್ಲ. ಯಜಮಾನರು ನನ್ನ ಹಿಂದೆ ನಿಂತು, "ಎಡಕ್ಕೆ ಸ್ವಲ್ಪ ತಿರುಗಮ್ಮ, ಹಾಂ, ನಗು" ಎಂದು ನಿರ್ದೇಶನ ಕೊಟ್ಟರು. ಕೊಬ್ಬರಿ ಮಂಡಿಯವರ ನಿರ್ದೇಶನ ಕೇಳಿಯೇ ಇರಬೇಕು, ಆಯಮ್ಮ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕರು. ಅದೇ ಹೊತ್ತಿಗೆ ಒತ್ತಿದೆ.

ಮರುದಿನ ಬೆಳಿಗ್ಗೆ ಯಜಮಾನರು ಹಾಳೆಯಲ್ಲಿ ಅಕ್ಷರ ಅಕ್ಷರವಾಗಿ ಬರೆದುಕೊಂಡು, ಬೈದವರ ಅಭಿಪ್ರಾಯಗಳನ್ನೇ ಅರ್ಧ ಗಂಟೆ ಓದಿ, ಎರಡು ಬ್ಯಾಟರಿ ತರಿಸಿದರು. ಬಂದ ಮೇಲೆ ಕೊಬ್ಬರಿ ಚೀಲಕ್ಕೆ ಗುರುತು ಹಾಕುವ ಕಪ್ಪು ಶಾಯಿಯಿಂದ ಒಂದು, ಎರಡು ಎಂದು ದಪ್ಪಗೆ ಬರೆದರು. ಹಾಕಿದ ಕೂಡಲೇ ಕ್ಯಾಮೆರಾ ಎರಡನ್ನೂ ಒಪ್ಪಿಕೊಂಡಿತು. ಆದರೂ ತಕ್ಕಡಿಗೆ ಹಾಕಿಯೇ ತೀರಿದರು ಎಂದು ಆಮೇಲೆ ಗೊತ್ತಾಯಿತು.

ಮುಂದಿನ ಭಾನುವಾರ ಬೇಲೂರಿಗೆ ಹೋಗಿ ಮೂರನೇ ನಂಬರನ್ನು ಹಿಂದಿರುಗಿಸಿದೆವು. ಜೊತೆಗೆ, ಅರಸೀಕೆರೆಯ ಸ್ಟುಡಿಯೋದಲ್ಲಿ ದೊಡ್ಡದಾಗಿ ಹಾಕಿಸಿದ್ದ ಅವರ ಫೋಟೋ ಕೊಟ್ಟೆ. ಯಜಮಾನರು ತಮ್ಮ ಕಡೆಯಿಂದ ಒಂದು ಚೀಲ ಕೊಬ್ಬರಿ ತಂದಿದ್ದರು. ಆಯಮ್ಮ ಫೋಟೋವನ್ನು ತೋಳಿನಷ್ಟು ದೂರ ಹಿಡಿದು ಬಹಳ ಹೊತ್ತು ನೋಡಿದರು. ಕಣ್ಣು ಒದ್ದೆಯಾಗುತ್ತದೆಯೇನೋ ಎಂದು ನಾನು ಕಾದೆ.

"ತಲೆ ಮೇಲೆ ಜಾಗ ಜಾಸ್ತಿ ಬಿಟ್ಟಿದೀರಿ ಮೇಡಂ" ಎಂದರು. "ಗೋಪುರಾನೂ ಒಂಚೂರು ವಾಲೈತೆ."

ಹಾಗೆಂದವರು, ಕೊರಳಿಗೆ ನೇತುಹಾಕಿಕೊಂಡಿದ್ದ ಮಾದರಿ ಫೋಟೋಗಳ ಹಲಗೆಯಿಂದ ಯಾವುದೋ ವಿದೇಶಿ ಜೋಡಿಯ ದೊಡ್ಡ ಚಿತ್ರವನ್ನು ಕಿತ್ತು, ಆ ಜಾಗಕ್ಕೆ ತಮ್ಮದನ್ನು ಸಿಕ್ಕಿಸಿದರು. ಅಷ್ಟರಲ್ಲಿ ಬಸ್ಸೊಂದು ಬಂದು ಜನ ಇಳಿದರು. ಆಯಮ್ಮ ಹಲಗೆಯನ್ನು ಎದೆಯ ಮೇಲೆ ನೇರ ಮಾಡಿಕೊಂಡು ಅವರ ಕಡೆ ಓಡಿದರು.